ನೋವುಂಡವರೇ ಕಟ್ಟಿದ ಸಂಘ

ಕುಸುಮ ರೋಗ, ಅಂದರೆ ಹಿಮೋಫಿಲಿಯಾ ಇರುವವರನ್ನು ಹೆಚ್ಚು ಕಾಡುವುದು ಗಾಯದಿಂದ ಸುರಿಯುವ ರಕ್ತವಲ್ಲ, ಕೀಲಿನೊಳಗೆ ಯಾರಿಗೂ ಕಾಣದಂತೆ ಸೋರುವ ರಕ್ತ. ಮೊಣಕಾಲು ಊದಿ ಬಿಸಿಯಾಗುತ್ತದೆ, ಮಡಚಲು ಬರುವುದಿಲ್ಲ. ಮತ್ತೆ ಮತ್ತೆ ಹೀಗಾದರೆ ಶಾಲೆಗೆ ಹೋಗುವ ವಯಸ್ಸಿನಲ್ಲೇ ಕೀಲು ಸವೆದುಹೋಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಎಂಟನೆಯ ಅಥವಾ ಒಂಬತ್ತನೆಯ ಫ್ಯಾಕ್ಟರ್‌ನ ಕೊರತೆಯೇ ಇದಕ್ಕೆ ಮೂಲ. ದೋಷವಿರುವ ಜೀನ್ ತಾಯಿಯಿಂದ ಮಗನಿಗೆ ಬರುವುದರಿಂದ ನೆಂಟರಿಷ್ಟರ ಚುಚ್ಚುಮಾತೆಲ್ಲ ತಾಯಿಗೇ. ಆದರೆ ಸುಮಾರು ಮೂರನೇ ಒಂದು ಭಾಗದಷ್ಟು ಪ್ರಕರಣಗಳಲ್ಲಿ ಮನೆತನದಲ್ಲಿ ಈ ಹಿಂದೆ ಯಾರಿಗೂ ಈ ಕಾಯಿಲೆ ಕಂಡಿರುವುದಿಲ್ಲ. ಅದನ್ನು ಆಕೆಯ ಪಕ್ಕದಲ್ಲಿ ಕೂತು ಬಿಡಿಸಿ ಹೇಳುವವರು ಬೇಕಿತ್ತು. ಹಿಮೋಫಿಲಿಯಾ ಇರುವವರ ಸಂಘಗಳು ಹುಟ್ಟಿದ್ದರ ಹಿಂದೆ ಔಷಧಿಯ ಅಭಾವದಷ್ಟೇ ಈ ಒಂಟಿತನವೂ ಇತ್ತೆಂದು ನನ್ನ ನಂಬಿಕೆ.

ಜಗತ್ತಿನ ಮಟ್ಟದಲ್ಲಿ ಮೊದಲ ಹೆಜ್ಜೆ ಇಟ್ಟವರು ವೈದ್ಯರಲ್ಲ. ಕೆನಡಾದ ಮಾಂಟ್ರಿಯಲ್‌ನ ವ್ಯಾಪಾರಿ ಫ್ರಾಂಕ್ ಶ್ನಾಬೆಲ್ ತೀವ್ರ ಹಿಮೋಫಿಲಿಯಾದೊಂದಿಗೇ ಬದುಕಿದವರು. 1963ರಲ್ಲಿ ಅವರು ಹಲವು ದೇಶಗಳವರನ್ನು ಸೇರಿಸಿ ವಿಶ್ವ ಹಿಮೋಫಿಲಿಯಾ ಒಕ್ಕೂಟವನ್ನು ಕಟ್ಟಿದರು. ಮುಂದೆ ಎಂಬತ್ತರ ದಶಕದಲ್ಲಿ, ಜೀವ ಉಳಿಸಬೇಕಿದ್ದ ರಕ್ತದ ಉತ್ಪನ್ನಗಳೇ ಎಚ್‌ಐವಿಯನ್ನು ಹೊತ್ತು ತಂದವು. ಶ್ನಾಬೆಲ್ ಕೂಡ 1987ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಅವರ ಹುಟ್ಟುಹಬ್ಬವಾದ ಏಪ್ರಿಲ್ 17 ಈಗ ವಿಶ್ವ ಹಿಮೋಫಿಲಿಯಾ ದಿನ.

ನಮ್ಮಲ್ಲೂ ಸಂಘ ಹುಟ್ಟಿದ ಕತೆ ಅದೇ. ಸ್ವತಃ ಈ ಕಾಯಿಲೆ ಇದ್ದ ಅಶೋಕ್ ಬಹಾದುರ್ ವರ್ಮಾ 1983ರಲ್ಲಿ ದೆಹಲಿಯಲ್ಲಿ ಹಿಮೋಫಿಲಿಯಾ ಫೆಡರೇಶನ್ ಶುರುಮಾಡಿದರು. ಹೊರದೇಶದಿಂದ ಬರುತ್ತಿದ್ದ ಫ್ಯಾಕ್ಟರ್ ಸಾಮಾನ್ಯರ ಕೈಗೆಟುಕದ ಕಾಲವದು. ಆಮೇಲೆ ಊರೂರಿನಲ್ಲಿ ಶಾಖೆಗಳು ಎದ್ದವು. ಕರ್ನಾಟಕದಲ್ಲಿ ಈ ಕೆಲಸಕ್ಕೆ ನೆಲೆಯಾದದ್ದು ದಾವಣಗೆರೆ. ಅಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಬೆಳೆಸಿದ ಡಾ. ಸುರೇಶ್ ಹನಗವಾಡಿಯವರು ಪೆಥಾಲಜಿ ಪ್ರಾಧ್ಯಾಪಕರು, ಜೊತೆಗೆ ಹಿಮೋಫಿಲಿಯಾ ಇರುವವರು. ನೋವಿನ ಲೆಕ್ಕ ತಿಳಿದವರೇ ರಕ್ತಪರೀಕ್ಷೆಯ ವರದಿಯನ್ನೂ ಓದಿ ಹೇಳುವಂತಾದದ್ದು ಸಣ್ಣ ಮಾತಲ್ಲ.

ಸಂಘದಲ್ಲಿ ನಡೆಯುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ರಕ್ತಸ್ರಾವ ಶುರುವಾದ ಕೂಡಲೇ ಏನು ಮಾಡಬೇಕೆಂದು ತಾಯಂದಿರು ಕಲಿಯುತ್ತಾರೆ: ಕಾಲಿಗೆ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಐಸ್, ಕ್ರೇಪ್ ಬ್ಯಾಂಡೇಜು, ತಲೆದಿಂಬಿನ ಮೇಲೆ ಎತ್ತರಿಸಿಟ್ಟ ಕಾಲು. ಇದರ ಜೊತೆಗೇ ಫ್ಯಾಕ್ಟರ್. ಸೀಸೆಯ ಪುಡಿಗೆ ನೀರು ಬೆರೆಸಿದ ಮೇಲೆ ಅದನ್ನು ಕುಲುಕಬಾರದು. ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ ಕರಗಿಸಬೇಕು. ರಕ್ತನಾಳ ಹುಡುಕಿ ಸೂಜಿ ಹಾಕುವಾಗ ಕೈ ನಡುಗುತ್ತದೆ. ಇದೇ ದಾರಿ ತುಳಿದ ಇನ್ನೊಬ್ಬ ತಾಯಿ ಪಕ್ಕದಲ್ಲಿದ್ದು “ಆಗುತ್ತೆ, ನಿಧಾನಕ್ಕೆ ಹಾಕಮ್ಮ” ಅಂದರೆ ಬರುವ ಧೈರ್ಯ ಯಾವ ಕೈಪಿಡಿಯಿಂದಲೂ ಬರುವುದಿಲ್ಲ. ಹೀಗೆ ಕಲಿತ ಮನೆಯವರು ನಡುರಾತ್ರಿ ಬಸ್ಸಿಗೆ ಕಾಯದೆ ಮನೆಯಲ್ಲೇ ಚಿಕಿತ್ಸೆ ಶುರುಮಾಡಬಲ್ಲರು.

ಈ ಗುಂಪುಗಳ ಒತ್ತಾಯ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಲಿಲ್ಲ. ಹಲವು ರಾಜ್ಯಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಫ್ಯಾಕ್ಟರ್ ಅನ್ನು ಉಚಿತವಾಗಿ ಕೊಡತೊಡಗಿದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ಬಗೆಯ ಅಂಗವೈಕಲ್ಯಗಳಲ್ಲಿ ರಕ್ತದ ಕಾಯಿಲೆಗಳಾದ ಹಿಮೋಫಿಲಿಯಾ, ಥಲಸೇಮಿಯಾ, ಸಿಕಲ್ ಸೆಲ್ ಮೂರೂ ಸೇರಿವೆ. ಅಲ್ಲಿಂದೀಚೆಗೆ ಸ್ವಯಂಸೇವಕರಿಗೆ ಇನ್ನೊಂದು ಕೆಲಸ ಅಂಟಿಕೊಂಡಿದೆ: ಹುಡುಗರ ಕಾಗದಪತ್ರ ಜೋಡಿಸಿ, ವೈದ್ಯಕೀಯ ಮಂಡಳಿಯ ಮುಂದೆ ಜೊತೆಗೆ ನಿಂತು, ಅಂಗವೈಕಲ್ಯದ ಪ್ರಮಾಣಪತ್ರ ಕೈಗೆ ಬರುವವರೆಗೂ ಬೆನ್ನು ಹತ್ತುವುದು.