ಗಾಳಿಯನ್ನು ಅರಸಿ ಹೊರಟವರು

ಗಾಳಿಯನ್ನು ಅರಸಿಕೊಂಡು ಸಾವಿರಾರು ಮೈಲಿ ಪಯಣಿಸುವವರೂ ಇದ್ದಾರೆಂದರೆ ನಮ್ಮಲ್ಲಿ ಅನೇಕರಿಗೆ ವಿಚಿತ್ರವೆನಿಸೀತು. ಆಳಿಗಿಂತ ತುಸು ಉದ್ದದ ಹಲಗೆ, ಅದರ ಮೇಲೊಂದು ಹಾಯಿ, ಹಾಯಿಯ ಅಡ್ಡಗೋಲನ್ನು ಹಿಡಿದು ನಿಂತ ಮನುಷ್ಯ: ವಿಂಡ್‌ಸರ್ಫಿಂಗ್ ಎಂಬ ಆಟದ ಸಾಮಗ್ರಿ ಇಷ್ಟೇ. ಹಾಯಿಹಲಗೆಯಾಟವೆಂದು ಕರೆಯೋಣ. ಹಾಯಿಯ ಕಂಬವು ಎಲ್ಲ ದಿಕ್ಕಿಗೂ ಬಾಗುವಂತೆ ಕೀಲಿನಿಂದ ಹಲಗೆಗೆ ಕೂಡಿಕೊಂಡಿರುತ್ತದೆ. 1984ರಿಂದ ಇದಕ್ಕೆ ಒಲಿಂಪಿಕ್ಸ್‌ನಲ್ಲೂ ಸ್ಥಾನವುಂಟು. ಆದರೆ ನಾನು ಹೇಳಹೊರಟಿರುವುದು ಆಟದ ವಿಷಯವನ್ನಲ್ಲ. ಆಟಕ್ಕೆ ತಕ್ಕ ನೀರನ್ನು ನಿರ್ಜನವಾದ ತೀರವೊಂದರಲ್ಲಿ ಗುರುತಿಸುವ ಬಗೆಯನ್ನು. ಅದಕ್ಕೆ ಆಫ್ರಿಕದ ನೈರುತ್ಯದಲ್ಲಿರುವ ನಮೀಬಿಯಾದ ಕರಾವಳಿಗಿಂತ ಒಳ್ಳೆಯ ಪಾಠಶಾಲೆ ದೊರೆಯುವುದು ಕಷ್ಟ.

ಜೋರಾದ ಗಾಳಿ ಇದ್ದರಾಯಿತಲ್ಲ, ಹುಡುಕುವುದೇನು ಬಂತು ಎಂದು ನೀವು ಕೇಳಬಹುದು. ತೊಡಕು ಇರುವುದು ಅಲ್ಲಿಯೇ. ವೇಗವನ್ನು ಬಯಸುವವನಿಗೆ ಬಲವಾದ ಗಾಳಿ ಬೇಕು, ಜೊತೆಗೆ ಕನ್ನಡಿಯಂಥ ನೀರೂ ಬೇಕು. ಗಾಳಿ ಬಲವಾದಷ್ಟೂ ನೀರು ಕದಡುತ್ತದೆ. ಆದರೆ ಗಾಳಿ ಎಬ್ಬಿಸುವ ಅಲೆ ಒಮ್ಮೆಗೇ ದೊಡ್ಡದಾಗುವುದಿಲ್ಲ. ಅದು ಬೆಳೆಯಲು ನೀರಿನ ಮೇಲೆ ಬಹುದೂರದ ಓಟ ಬೇಕು. ಆದ್ದರಿಂದ ಹುಡುಕಬೇಕಾದದ್ದು ಗಾಳಿ ಈಗತಾನೇ ನೆಲವನ್ನು ಬಿಟ್ಟು ನೀರಿಗಿಳಿಯುವ ಜಾಗವನ್ನು. ಆ ನೆಲವೂ ತಗ್ಗಾಗಿರಬೇಕು. ಗುಡ್ಡವೋ ಎತ್ತರದ ಮರಳದಿಣ್ಣೆಯೋ ಅಡ್ಡವಿದ್ದರೆ ಗಾಳಿ ಮುರಿದು ಸುಳಿಸುಳಿಯಾಗಿ ಬರುತ್ತದೆ. ಅಂಥ ಗಾಳಿಯಲ್ಲಿ ಹಾಯಿ ಹಿಡಿದವನು ಕುಡುಕನಂತೆ ತೂರಾಡಬೇಕಾಗುತ್ತದೆ.

ನಮೀಬಿಯಾದ ತೀರವನ್ನು ಬಳಸಿ ಬೆಂಗ್ವೆಲಾ ಎಂಬ ಶೀತಪ್ರವಾಹ ಉತ್ತರಕ್ಕೆ ಹರಿಯುತ್ತದೆ. ಒಳನಾಡಿನಲ್ಲಿ ನಮೀಬ್ ಮರುಭೂಮಿ ಬಿಸಿಲಿಗೆ ಕಾಯುತ್ತದೆ. ಪಶ್ಚಿಮದಲ್ಲಿ ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ವಾಯುಭಾರ ಹೆಚ್ಚಾಗಿರುತ್ತದೆ. ತಣ್ಣಗಿನ ಕಡಲಿಗೂ ಕಾದ ನೆಲಕ್ಕೂ ನಡುವಿನ ಈ ಅಂತರದಿಂದ ದಕ್ಷಿಣದ ಗಾಳಿ ತೀರದುದ್ದಕ್ಕೂ ಬೀಸುತ್ತದೆ. ಬೆಳಿಗ್ಗೆ ಮಂಜು ಕವಿದು ಸ್ತಬ್ಧವಾಗಿದ್ದ ಕಡಲು ಮಧ್ಯಾಹ್ನದ ಹೊತ್ತಿಗೆ ಬಿಳಿನೊರೆಯಾಗಿರುವುದು ಅಲ್ಲಿ ಸಾಮಾನ್ಯ ಸಂಗತಿ.

ಈ ತೀರದ ಸೊಗಸೆಂದರೆ, ಗಾಳಿಯೇ ತನ್ನ ಅಲೆಗೆ ತಡೆಯನ್ನೂ ಕಟ್ಟಿಕೊಂಡಿದೆ. ನೈರುತ್ಯದಿಂದ ಬರುವ ಅಲೆಗಳು ಮರಳನ್ನು ಉತ್ತರಕ್ಕೆ ತಳ್ಳುತ್ತ ಹೋಗಿ ಕೆಲವೆಡೆ ಉದ್ದನೆಯ ಮರಳಿನ ನಾಲಗೆಗಳನ್ನು ಚಾಚಿವೆ. ನಮ್ಮ ಕರಾವಳಿಯವರು ಬೆಂಗ್ರೆ ಎನ್ನುತ್ತಾರಲ್ಲ, ಅಂಥವು. ವಾಲ್ವಿಸ್ ಬೇ ಎಂಬ ಬಂದರನ್ನು ಕಾಯುತ್ತಿರುವ ಪೆಲಿಕನ್ ಪಾಯಿಂಟ್ ಇಂಥದೊಂದು. ಬೆಂಗ್ರೆಯ ಹೊರಮೈಯಲ್ಲಿ ಅಟ್ಲಾಂಟಿಕ್ ಮೊರೆಯುತ್ತಿರುತ್ತದೆ. ಒಳಮೈಯಲ್ಲಿ ಅದೇ ಗಾಳಿ ಇದ್ದೂ ನೀರು ಮಟ್ಟಸವಾಗಿರುತ್ತದೆ. ಪಾಲ್ ಲಾರ್ಸೆನ್ ಎಂಬ ಆಸ್ಟ್ರೇಲಿಯದ ನಾವಿಕ 2012ರಲ್ಲಿ ತನ್ನ ವಿಶಿಷ್ಟ ಹಾಯಿದೋಣಿಯನ್ನು 500 ಮೀಟರ್ ದೂರಕ್ಕೆ ಗಂಟೆಗೆ ಸುಮಾರು 121 ಕಿಲೋಮೀಟರ್ ವೇಗದಲ್ಲಿ ಓಡಿಸಿದ್ದು ಈ ವಾಲ್ವಿಸ್ ಬೇಯಲ್ಲಿಯೇ. ಆದುದರಿಂದ ನಕ್ಷೆಯನ್ನೋ ಉಪಗ್ರಹದ ಚಿತ್ರವನ್ನೋ ಹರಡಿಕೊಂಡು ಕುಳಿತ ಅನ್ವೇಷಕ ಮೊದಲು ನೋಡುವುದು ಉತ್ತರಕ್ಕೆ ಬೆರಳು ಚಾಚಿದ ಮರಳನ್ನು.

ಉಳಿದುದನ್ನು ನೆಲದ ಮೇಲೆ ಓದಬೇಕು. ಪೊದೆಯ ಹಿಂದೆ ಬಾಲದಂತೆ ಮರಳು ಕೂಡಿದ್ದರೆ, ಬಾಲವಿರುವ ಕಡೆಗೇ ಗಾಳಿ ಹೆಚ್ಚು ಕಾಲ ಬೀಸಿದೆಯೆಂದು ಅರ್ಥ. ಅರ್ಧಚಂದ್ರದ ಆಕಾರದ ಮರಳದಿಣ್ಣೆಯ ಎರಡು ಕೊಂಬುಗಳೂ ಅದನ್ನೇ ಹೇಳುತ್ತವೆ. ಲ್ಯೂಡರಿಟ್ಸ್ ಪಟ್ಟಣದ ಬಳಿಯ ಕೋಲ್ಮನ್ಸ್‌ಕಾಪ್, 1908ರಲ್ಲಿ ವಜ್ರ ಸಿಕ್ಕಿದ ಮೇಲೆ ಹುಟ್ಟಿ ಅರ್ಧಶತಮಾನದೊಳಗೇ ಪಾಳುಬಿದ್ದ ಊರು. ಅಲ್ಲಿನ ಮನೆಗಳ ಕೋಣೆಗಳಲ್ಲಿ ಸೊಂಟದೆತ್ತರ ಮರಳು ತುಂಬಿದೆ. ಪ್ರವಾಸಿಗರು ಅದನ್ನು ಕಾಲನ ಮಹಿಮೆಯೆಂದು ನೋಡಿ ನಿಟ್ಟುಸಿರುಬಿಡುತ್ತಾರೆ. ಹಾಯಿಹಲಗೆಯವನಿಗೆ ಅದು ಗಾಳಿಯ ದಿನಚರಿ.

ಆ ಲ್ಯೂಡರಿಟ್ಸ್‌ನಲ್ಲಿ ಪ್ರಕೃತಿ ಕೊಟ್ಟದ್ದು ಸಾಲದೆಂದು ಮನುಷ್ಯರೂ ಕೈಹಾಕಿದರು. ಆಳವಿಲ್ಲದ ಖಾರಿಯ ಅಂಚಿನಲ್ಲಿ, ಗಾಳಿ ಹಿಂಬದಿಯಿಂದ ಓರೆಯಾಗಿ ತಾಗುವ ಕೋನವನ್ನು ಲೆಕ್ಕಹಾಕಿ, ಕಿರಿದಾದ ಕಾಲುವೆಯೊಂದನ್ನು ತೋಡಿದರು. ನೇರ ಹಿಂದಿನಿಂದ ಬಂದ ಗಾಳಿಗಿಂತ ಓರೆಗಾಳಿಯಲ್ಲಿಯೇ ವೇಗ ಹೆಚ್ಚು. 2015ರಲ್ಲಿ ಫ್ರಾನ್ಸಿನ ಆಂತ್ವಾನ್ ಆಲ್ಬೋ ಇಲ್ಲಿ 500 ಮೀಟರನ್ನು 53.27 ನಾಟ್, ಎಂದರೆ ಗಂಟೆಗೆ ಸುಮಾರು 99 ಕಿಲೋಮೀಟರ್ ವೇಗದಲ್ಲಿ ಕ್ರಮಿಸಿದ. 18 ಸೆಕೆಂಡುಗಳ ಕೆಲಸ! ಇದನ್ನು ತೀರವನ್ನು ಹುಡುಕುವುದೆನ್ನಬೇಕೋ ತೀರವನ್ನು ಹೊಲಿಸಿಕೊಳ್ಳುವುದೆನ್ನಬೇಕೋ ನನಗೆ ತಿಳಿಯದು. ಕಾಲುವೆಗಿಂತ ಬೆಂಗ್ರೆಯನ್ನೇ ನಾನು ಮೆಚ್ಚುವೆ.

ಇಷ್ಟೆಲ್ಲ ಗುಣಗಳುಳ್ಳ ಜಾಗಕ್ಕೆ ಒಂದು ದೊಡ್ಡ ದೋಷವೂ ಕೂಡಿಯೇ ಬರುತ್ತದೆ. ನೆಲದಿಂದ ನೀರಿಗೆ ಇಳಿಯುವ ಗಾಳಿ, ಆಡುವವನನ್ನೂ ನೆಲದಿಂದ ದೂರಕ್ಕೆ ಒಯ್ಯುತ್ತದೆ. ಕೀಲು ಮುರಿದರೆ, ಕೈ ಸೋತರೆ, ಹಿಂದಿರುಗುವ ದಾರಿ ಮುಚ್ಚಿತು. ನೀರಿನ ಉಷ್ಣತೆ ಹಲವು ಕಡೆ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ. ರಬ್ಬರಿನ ಉಡುಪು ತೊಟ್ಟರೂ ಬೆರಳುಗಳು ಬೇಗ ಮರಗಟ್ಟುತ್ತವೆ. ಕೂಗಿ ಕರೆದರೆ ಓಗೊಡಲು ಮೈಲಿಗಟ್ಟಲೆ ಜನವಸತಿಯಿಲ್ಲ. ದಕ್ಷಿಣ ಭಾಗದ ತೀರವಂತೂ ವಜ್ರದ ಕಾರಣದಿಂದ 1908ರಿಂದಲೂ ನಿಷಿದ್ಧ ಪ್ರದೇಶ. 2008ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಮೇಲೂ ಅಪ್ಪಣೆಯಿಲ್ಲದೆ ಕಾಲಿಡುವಂತಿಲ್ಲ. ಎಂತಲೇ ಅನುಭವಿಗಳು ಹೊಸ ತೀರಕ್ಕೆ ಹೋದೊಡನೆ ಹಾಯಿಯನ್ನು ಬಿಚ್ಚುವುದಿಲ್ಲ. ಗಾಳಿ ಹೋಗುವ ದಿಕ್ಕಿಗೆ ದಂಡೆಯ ಮೇಲೆ ನಡೆದು ಹೋಗಿ, ಹಲಗೆ ಕೈಬಿಟ್ಟರೆ ತಮ್ಮನ್ನು ಮತ್ತೆ ತಡೆದು ನಿಲ್ಲಿಸುವ ನೆಲ ಎಲ್ಲಿದೆಯೆಂದು ನೋಡುತ್ತಾರೆ. ಅಂಥ ನೆಲ ಕಾಣದಿದ್ದಲ್ಲಿ, ನೀರು ಎಷ್ಟೇ ನುಣುಪಾಗಿದ್ದರೂ, ಗಂಟುಮೂಟೆ ಕಟ್ಟಿಕೊಂಡು ಮುಂದಿನ ಬೆಂಗ್ರೆಗೆ ಹೊರಡುತ್ತಾರೆ.