ಸೆಯಾರಾ: ತೆಪ್ಪದವರ ನಾಡು

ಬ್ರೆಜಿಲ್‌ನ ಈಶಾನ್ಯ ಕರಾವಳಿಯಲ್ಲಿರುವ ಸೆಯಾರಾ ರಾಜ್ಯದ ರಾಜಧಾನಿ ಫೋರ್ಟಲೇಜಾಕ್ಕೆ 1881ರಲ್ಲಿ ಸರಿಯಾದ ಬಂದರು ಇರಲಿಲ್ಲ. ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ಸರಕಾಗಲಿ ಜನರಾಗಲಿ ಅಲ್ಲಿಗೆ ಮುಟ್ಟಬೇಕಾದರೆ ‘ಜಂಗಾಡ’ ಎಂಬ ಹಾಯಿ ತೆಪ್ಪವೇ ಗತಿ. 1877ರಿಂದ 79ರವರೆಗಿನ ಭೀಕರ ಬರದಲ್ಲಿ ಕೈ ಬರಿದಾದ ಒಡೆಯರು ತಮ್ಮ ಗುಲಾಮರನ್ನು ದಕ್ಷಿಣದ ಕಾಫಿ ತೋಟಗಳಿಗೆ ಮಾರತೊಡಗಿದ್ದರು. ಅವರನ್ನು ಹಡಗಿಗೆ ಸಾಗಿಸುವುದಿಲ್ಲವೆಂದು ತೆಪ್ಪದವರು ಪಟ್ಟು ಹಿಡಿದರು. ಮುಂದಾಳುಗಳಲ್ಲಿ ಒಬ್ಬರಾದ ಫ್ರಾನ್ಸಿಸ್ಕೊ ಜೊಸೆ ದೊ ನಾಸಿಮೆಂಟೊ ‘ಕಡಲ ಡ್ರ್ಯಾಗನ್’ ಎಂದೇ ಹೆಸರಾದರು. 1884ರ ಮಾರ್ಚ್ 25ರಂದು ಸೆಯಾರಾ ಗುಲಾಮಗಿರಿಯನ್ನು ಕಿತ್ತೊಗೆಯಿತು. ಇಡೀ ಬ್ರೆಜಿಲ್ ಅದನ್ನು ಮಾಡಿದ್ದು 1888ರಲ್ಲಿ.

ಕಡಲಿಗೆ ಬೆನ್ನು ಮಾಡಿ ಒಳನಾಡಿಗೆ ನಡೆದರೆ ‘ಸೆರ್ತಾವ್’ ಎಂಬ ಬರಡು ಸೀಮೆ. ಅಲ್ಲಿ ಬರ ಹೊಸದಲ್ಲ. ಹೊಳೆದಂಡೆಯ ಕಾರ್ನೌಬಾ ತಾಳೆಮರ ಬಿಸಿಲಿಗೆ ನೀರು ಆರದಂತೆ ಗರಿಗೆ ಮೇಣ ಸವರಿಕೊಳ್ಳುತ್ತದೆ. ಉದ್ದ ಕೋಲಿನ ತುದಿಯ ಕತ್ತಿಯಿಂದ ಗರಿ ಕೊಯ್ದು, ಒಣಗಿಸಿ, ಬಡಿದರೆ ಮೇಣದ ಪುಡಿ ಉದುರುತ್ತದೆ. ಕಾರಿನ ಪಾಲಿಶ್‌ನಲ್ಲೂ ಮಿಠಾಯಿಯ ಹೊಳಪಿನಲ್ಲೂ ಇರುವುದು ಅದೇ. ನಮ್ಮ ಕರಾವಳಿಯ ಗುಡ್ಡಗಳಿಗೆ ಪೋರ್ಚುಗೀಸರ ಮೂಲಕ ಬಂದ ಗೇರು ಕೂಡ ಈಶಾನ್ಯ ಬ್ರೆಜಿಲ್‌ನದೇ ಗಿಡ. ನಮ್ಮ ಎಷ್ಟೋ ತೋಟಗಳಲ್ಲಿ ಬುಡದಲ್ಲೇ ಕೊಳೆಯುವ ಹಣ್ಣಿನ ರಸವನ್ನು ಸೆಯಾರಾದವರು ಸೋಸಿ, ಬಾಟಲಿಯಲ್ಲಿಟ್ಟು ಕಾಯಿಸಿ, ಹೊಂಬಣ್ಣದ ಪಾನೀಯ ಮಾಡುತ್ತಾರೆ.

ಆದರೂ ಈ ನಾಡಿನ ಜೀವ ಇರುವುದು ಜಂಗಾಡದಲ್ಲಿ. ಹಳೆಯ ಕಾಲದ್ದು ಹಗುರ ಮರದ ದಿಮ್ಮಿಗಳನ್ನು ಮರದ ಗೂಟಗಳಿಂದಲೇ ಬಿಗಿದದ್ದು. ಅದಕ್ಕೆ ಮುಕ್ಕೋನದ ಒಂದೇ ಹಾಯಿ. ಬಟ್ಟೆ ಒಣಗಿದರೆ ಗಾಳಿ ಸೋರಿಹೋಗುತ್ತದೆಂದು ಬೆಸ್ತರು ಆಗಾಗ ಹಾಯಿಗೆ ನೀರೆರಚುತ್ತಾರೆ.

1941ರಲ್ಲಿ ‘ಜಕಾರೆ’ ಎಂದು ಕರೆಸಿಕೊಳ್ಳುತ್ತಿದ್ದ ಮನೊಯೆಲ್ ಒಲಿಂಪಿಯೊ ಮೇರಾ ಮತ್ತು ಮೂವರು ಸಂಗಡಿಗರು ಇಂಥದೇ ತೆಪ್ಪವೇರಿ, ದಿಕ್ಸೂಚಿಯೂ ಇಲ್ಲದೆ, 61 ದಿನಗಳಲ್ಲಿ ರಿಯೊ ಡಿ ಜನೈರೊ ತಲುಪಿದರು. ಹಿಡಿದ ಮೀನಿನಲ್ಲಿ ಅರ್ಧ ತೆಪ್ಪದ ಒಡೆಯನ ಪಾಲಾಗುತ್ತಿದ್ದ, ಮುಪ್ಪಿಗೆ ಯಾವ ಆಸರೆಯೂ ಇಲ್ಲದ ಬಾಳನ್ನು ಅಧ್ಯಕ್ಷ ಗೆಟೂಲಿಯೊ ವರ್ಗಾಸ್ ಎದುರು ಹೇಳಿಕೊಳ್ಳಲು ಹೋದವರು ಅವರು. ಮೀನುಗಾರರನ್ನೂ ಪಿಂಚಣಿಗೆ ಸೇರಿಸುವ ಆದೇಶಕ್ಕೆ ವರ್ಗಾಸ್ ಸಹಿ ಹಾಕಿದರು. ಮರುವರ್ಷ ಅಮೆರಿಕದ ನಿರ್ದೇಶಕ ಆರ್ಸನ್ ವೆಲ್ಸ್ ಈ ಯಾನವನ್ನು ಸಿನಿಮಾ ಮಾಡಲು ಬಂದರು. ರಿಯೊದಲ್ಲಿ ಚಿತ್ರೀಕರಣದ ವೇಳೆಯೇ ಜಕಾರೆ ಕಡಲುಪಾಲಾದರು. ವೆಲ್ಸ್ ಕೈಬಿಡದೆ ಫೋರ್ಟಲೇಜಾಕ್ಕೆ ಹೋಗಿ, ಅಲ್ಲಿನ ಮೀನುಗಾರರನ್ನೇ ಪಾತ್ರಧಾರಿಗಳಾಗಿಸಿ ಚಿತ್ರೀಕರಿಸಿದರು. ಅವರ ಜೀವಿತಕಾಲದಲ್ಲಿ ತೆರೆ ಕಾಣದ ಆ ದೃಶ್ಯಗಳು 1993ರಲ್ಲಿ ಸಾಕ್ಷ್ಯಚಿತ್ರವೊಂದರಲ್ಲಿ ಬಂದವು.