ಬಿಡಿ ಹಾಡು, ಇಡಿಯ ಮಾತು

ಹುಲಿಯೂರುದುರ್ಗದ ನಮ್ಮ ಮನೆಯ ಜಗಲಿಯಲ್ಲಿ ಕುಳಿತರೆ ದುರ್ಗದ ಬೆಟ್ಟ ಕಣ್ತುಂಬ ಕಾಣುತ್ತದೆ. ಕಳೆದ ಬೇಸಿಗೆಯಲ್ಲಿ ರಜೆಗೆ ಬಂದಿದ್ದ ತಂಗಿಯ ಮಗ ಅಲ್ಲಿಯೇ ನನ್ನ ಕಿವಿಗೆ ಹೆಡ್‌ಫೋನು ತೊಡಿಸಿ, “ಮಾವ, ನಡುವೆ ನಿಲ್ಲಿಸಬಾರದು, ಮೊದಲಿನಿಂದ ಕೊನೆಯವರೆಗೆ ಕೇಳಬೇಕು” ಎಂದು ಕಟ್ಟುಮಾಡಿದ. ಗಿಟಾರುಗಳ ಮೊರೆತ, ಡ್ರಮ್ಮಿನ ನಾಗಾಲೋಟ, ಅವೆರಡನ್ನೂ ಮೀರಿ ಏರುವ ತಾರಸ್ಥಾಯಿಯ ಕಂಠ. ‘ಪವರ್ ಮೆಟಲ್’ ಎಂಬ ಈ ಸಂಗೀತ 1980ರ ದಶಕದಲ್ಲಿ, ಮುಖ್ಯವಾಗಿ ಜರ್ಮನಿಯಲ್ಲಿ, ರೂಪು ತಳೆಯಿತು.

ನಾನು ಕೇಳಿದ್ದು ಅಮೆರಿಕದ ‘ಕ್ಯಾಮೆಲಾಟ್’ ತಂಡದ ‘ಎಪಿಕಾ’ (2003) ಮತ್ತು ‘ದ ಬ್ಲ್ಯಾಕ್ ಹೇಲೋ’ (2005). ಎರಡೂ ಕೂಡಿ ಒಂದೇ ಕಥೆ; ಅದರ ಮೂಲ ಗಯಟೆಯ ‘ಫೌಸ್ಟ್’. ಸತ್ಯವನ್ನು ಅರಸಿ ಮನೆ ಬಿಟ್ಟ ಏರಿಯಲ್ ಎಂಬವನು ಮೆಫಿಸ್ಟೋಗೆ ತನ್ನ ಆತ್ಮವನ್ನೇ ಪಣವಾಗಿಡುತ್ತಾನೆ. ಅವನು ತೊರೆದು ಹೋದ ಹೆಲೆನಾ ನದಿಯ ಪಾಲಾಗುತ್ತಾಳೆ. ಕೊನೆಗೆ ಪಶ್ಚಾತ್ತಾಪದಲ್ಲಿ ಬೆಂದವನಿಗೆ ದೇವರ ಕೃಪೆ ದೊರೆಯುತ್ತದೆ. ಕೃಪೆಯ ಆ ಹಾಡೊಂದನ್ನೇ ಕೇಳಿದರೆ ಅದು ಅಗ್ಗದ ಸಮಾಧಾನ. ಹೆಲೆನಾಳ ಸಾವಿನ ತರುವಾಯ ಕೇಳಿದಾಗಲೇ ಅದಕ್ಕೆ ತೂಕ. ಹೀಗೆ ಹಾಡುಗಳನ್ನು ಒಂದು ಸೂತ್ರದಲ್ಲಿ ಪೋಣಿಸಿದ್ದಕ್ಕೆ ‘ಕಾನ್ಸೆಪ್ಟ್ ಆಲ್ಬಂ’ ಎನ್ನುತ್ತಾರೆ.

ಕೇಳಿ ಮುಗಿಸಿದಾಗ ನನಗೆ ನೆನಪಾದದ್ದು ‘ಶೂನ್ಯಸಂಪಾದನೆ’. ಹನ್ನೆರಡನೆಯ ಶತಮಾನದ ಶರಣರ ಬಿಡಿ ವಚನಗಳನ್ನು ಆಯ್ದು, ನಡುನಡುವೆ ಗದ್ಯದ ಸೇತುವೆ ಕಟ್ಟಿ, ಅಲ್ಲಮಪ್ರಭುವನ್ನು ಕೇಂದ್ರವಾಗಿಟ್ಟುಕೊಂಡು ಸಂವಾದರೂಪದಲ್ಲಿ ಜೋಡಿಸಿದ ಕೃತಿ ಅದು. ಮೊದಲು ಹೀಗೆ ಜೋಡಿಸಿದವನು ಶಿವಗಣಪ್ರಸಾದಿ ಮಹದೇವಯ್ಯ. ಅವನ ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ ಮತ್ತು ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿದರು. ಸಿದ್ಧವೀರಣ್ಣೊಡೆಯರದು ತೋಂಟದ ಸಿದ್ಧಲಿಂಗರ ಪರಂಪರೆ. ಆ ಯತಿಗಳ ಗದ್ದುಗೆಯಿರುವ ಎಡೆಯೂರು ನಮ್ಮ ಕುಣಿಗಲು ತಾಲ್ಲೂಕಿನದೇ. ವಚನಗಳು ಅವರಿಗಿಂತ ಮೊದಲೇ ಇದ್ದವು. ಯಾವ ಪ್ರಶ್ನೆಯ ಮುಂದೆ ಯಾವ ಉತ್ತರ ನಿಲ್ಲಬೇಕೆಂಬ ವಿವೇಕ ಮಾತ್ರ ಈ ಸಂಕಲನಕಾರರದು.

ಈ ವಿವೇಕದ ಬೆಲೆಯನ್ನು ನಾನು ತಡವಾಗಿ ಅರಿತೆ. ಕೆಲವು ವರ್ಷಗಳ ಹಿಂದೆ ನಮ್ಮ ಅಣ್ಣ ತೀರಿಕೊಂಡಾಗ, ತಂಗಿಯನ್ನು ಸಂತೈಸಲೆಂದು ಅಲ್ಲಮನ ಒಂದು ವಚನವನ್ನು ಓದಿ ಹೇಳಿದ್ದೆ. ಅವಳು ತಲೆಯೆತ್ತದೆ, “ಇದನ್ನು ಅವರು ಯಾರಿಗೆ ಹೇಳಿದ್ದು, ಅಣ್ಣಯ್ಯ? ಆಕೆ ಸುಮ್ಮನಾದಳೇ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಅನೇಕ ಸಭೆಗಳಲ್ಲಿ ವಚನಗಳನ್ನು ಸುಭಾಷಿತಗಳಂತೆ ಉದುರಿಸಿದವನು ನಾನು.

ಆ ರಾತ್ರಿ ಗ್ರಂಥವನ್ನು ತೆರೆದೆ. ಅಲ್ಲಮ ಆ ಮಾತನ್ನು ಹೇಳಿದ್ದು ಮುಕ್ತಾಯಕ್ಕನಿಗೆ. ಗುರುವೂ ಆಗಿದ್ದ ಅಣ್ಣ ಅಜಗಣ್ಣನನ್ನು ಕಳೆದುಕೊಂಡು ದುಃಖಿಸುತ್ತಿದ್ದವಳಿಗೆ. ಆಕೆ ಸುಮ್ಮನಾಗಲಿಲ್ಲ. ಪ್ರಭುವಿನ ಒಂದೊಂದು ಮಾತನ್ನೂ ಒರೆಗೆ ಹಚ್ಚಿದಳು. ಮಾತಿನಾಚೆಯದನ್ನು ಮಾತಿನಲ್ಲೇ ಹೇಳಹೊರಟ ಅವನ ಅರಿವನ್ನೇ ಪ್ರಶ್ನಿಸಿದಳು. ಪ್ರಭುವೂ ಆಕೆಯನ್ನು ಗದರಿಸಿ ಬಾಯಿ ಮುಚ್ಚಿಸಲಿಲ್ಲ. ಪ್ರಶ್ನೆ ಮುಗಿಯುವ ತನಕ ಎದುರು ನಿಂತ.

ಬಿಡಿಯಾಗಿ ಎತ್ತಿಕೊಂಡ ವಚನದಲ್ಲಿ ದೈವದ ಕಡೆಯ ಮಾತಷ್ಟೇ ಉಳಿಯುತ್ತದೆ. ಮನುಷ್ಯನ ಅಳಲು ಕಳೆದುಹೋಗುತ್ತದೆ. ಎರಡನ್ನೂ ಎದುರುಬದುರು ಕೂರಿಸುವುದೇ ಜೋಡಣೆಯ ಧರ್ಮ. ಎಡೆಯೂರಿನ ಪರಂಪರೆ ಓಲೆಗರಿಯ ಮೇಲೆ ಮಾಡಿದ್ದನ್ನು ಆ ತರುಣರು ಗಿಟಾರಿನ ಮೇಲೆ ಮಾಡಲು ಹವಣಿಸಿದ್ದಾರೆ.

ಮರುದಿನ ತಂಗಿಗೆ ಮುಕ್ತಾಯಕ್ಕನ ಪ್ರಸಂಗವನ್ನು ಮೊದಲಿನಿಂದ ಓದಿದೆ. ದುಃಖ ಹೋಯಿತೆಂದು ಅವಳು ಹೇಳಲಿಲ್ಲ. “ನಾಳೆ ಮುಂದಿನದನ್ನು ಓದು” ಎಂದಳು.